ಟ್ಯಾಂಕಿನ ನೀರು ನೀರಾಗಿಯೇ ಇತ್ತು, ಪಂಪು ಸೀಳಿತ್ತು: ಚಳಿಗಾಲದ ಒಂದು ಕೆಲಸದ ವ್ಯಾನಿನ ಪ್ರಕರಣ

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಕಿಟಕಿ ತೊಳೆಯುವ ಕೆಲಸ ಮಾಡುವ ಗೆಳೆಯರೊಬ್ಬರಿದ್ದಾರೆ, ಹಾವೇರಿ ಕಡೆಯವರು. 2022ರ ಡಿಸೆಂಬರಿನ ಚಳಿಯಲ್ಲಿ ಅವರ ವ್ಯಾನಿಗೆ ಏನಾಯಿತು, ಯಾಕಾಯಿತು, ಆಮೇಲೆ ಏನೇನು ಬದಲಿಸಿದೆವು ಎಂಬುದನ್ನು ಇಲ್ಲಿ ಪೂರ್ತಿ ಬರೆದಿದ್ದೇನೆ. ನಾನು ಕಟ್ಟಡಗಳ ಹೀಟಿಂಗ್ ವ್ಯವಸ್ಥೆ ನೋಡಿಕೊಳ್ಳುವ ಎಂಜಿನಿಯರ್. ಶಾಖ ಎಲ್ಲಿ ಸೋರುತ್ತದೆ, ಎಷ್ಟು ಸೋರುತ್ತದೆ ಎಂದು ಲೆಕ್ಕ ಹಾಕುವುದೇ ನನ್ನ ಕಸುಬು. ಹಾಗಾಗಿ ಅವರು ನನಗೆ ಫೋನ್ ಮಾಡಿದರು. ನೀರು ಹೊತ್ತು ತಿರುಗುವ ಯಾವ ವ್ಯಾನಿಗೂ, ಕಾರು ತೊಳೆಯುವುದಿರಲಿ, ಸೋಲಾರ್ ಪ್ಯಾನೆಲ್ ತೊಳೆಯುವುದಿರಲಿ, ಈ ಲೆಕ್ಕ ಹೆಚ್ಚು ಬದಲಾಗುವುದಿಲ್ಲ.

ವ್ಯಾನಿನಲ್ಲಿ ಇದ್ದದ್ದು

ಬ್ರಿಟನ್ನಿನಲ್ಲಿ ಈಗ ಏಣಿ ಹತ್ತಿ ಕಿಟಕಿ ಒರೆಸುವವರು ಕಡಿಮೆಯಾಗುತ್ತಿದ್ದಾರೆ. ನೆಲದ ಮೇಲೇ ನಿಂತು ಕಾರ್ಬನ್ ಫೈಬರಿನ ಉದ್ದ ಕೋಲು ಎತ್ತಿ, ತುದಿಯ ಬ್ರಷ್ಷಿನಿಂದ ನೀರು ಹಾಯಿಸಿ ಉಜ್ಜುತ್ತಾರೆ. ಕೊನೆಯಲ್ಲಿ ಬಟ್ಟೆಯಿಂದ ಒರೆಸುವುದಿಲ್ಲ. ಒಣಗಿದ ಮೇಲೆ ಗಾಜಿನಲ್ಲಿ ಕಲೆ ಉಳಿಯಬಾರದು ಎಂದರೆ ನೀರಿನಲ್ಲಿ ಲವಣ ಇರಬಾರದು. ಕೇಂಬ್ರಿಜ್ ನೀರು ಸುಣ್ಣದ ಬಂಡೆಯಿಂದ ಬರುವ ಗಡಸು ನೀರು. ಅದನ್ನು ಮೊದಲು ಮೆಂಬ್ರೇನ್ ಎಂಬ ಸೂಕ್ಷ್ಮ ಪೊರೆಯಿಂದ ಸೋಸುವ ಆರ್‌ಒ ಯಂತ್ರದ ಮೂಲಕ, ಆಮೇಲೆ ಉಳಿದ ಲವಣ ಹೀರುವ ರೆಸಿನ್ ಹರಳು ತುಂಬಿದ ಸಿಲಿಂಡರ್ ಮೂಲಕ ಹಾಯಿಸಿ, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಪ್ರಮಾಣ) ಅಳೆಯುವ ಮೀಟರು ಸೊನ್ನೆ ತೋರಿಸುವವರೆಗೆ ಶುದ್ಧ ಮಾಡುತ್ತಾರೆ.

ಗೆಳೆಯರ ಆರ್‌ಒ, ರೆಸಿನ್ ಸಿಲಿಂಡರ್, 1000 ಲೀಟರಿನ ಶೇಖರಣಾ ಟ್ಯಾಂಕು ಎಲ್ಲವೂ ಮನೆ ಹಿತ್ತಲಿನ ಶೆಡ್ಡಿನಲ್ಲಿವೆ. ಅಲ್ಲಿಂದ ವ್ಯಾನಿಗೆ ನೀರು ತುಂಬುತ್ತಾರೆ. ಸೆಕೆಂಡ್ ಹ್ಯಾಂಡ್ ಕೊಂಡ ಮಧ್ಯಮ ಗಾತ್ರದ ವ್ಯಾನು ಅದು. ಚಾಲಕನ ಹಿಂದಿನ ಗೋಡೆಗೆ ಒತ್ತಿ 400 ಲೀಟರಿನ ಟ್ಯಾಂಕು. ಹಿಂಬಾಗಿಲ ಪಕ್ಕದಲ್ಲಿ ಪ್ಲೈವುಡ್ ಹಲಗೆಯ ಮೇಲೆ 12 ವೋಲ್ಟಿನ ಡಯಾಫ್ರಾಮ್ ಪಂಪು (ರಬ್ಬರಿನಂಥ ಪೊರೆ ಹಿಂದೆ ಮುಂದೆ ಆಡಿ ನೀರು ತಳ್ಳುವಂಥದ್ದು), ಅದನ್ನು ಹತೋಟಿಯಲ್ಲಿಡುವ ಕಂಟ್ರೋಲರ್, 110 ಆಂಪಿಯರ್-ಅವರ್ ಬ್ಯಾಟರಿ. ಬಾಗಿಲ ಅಂಚಿನಲ್ಲೇ 100 ಮೀಟರ್ ಸಣ್ಣ ಪೈಪು ಸುತ್ತಿದ ಎಲೆಕ್ಟ್ರಿಕ್ ರೀಲು.

ಒಂದು ವಿಷಯ ಮೊದಲೇ ಗಮನದಲ್ಲಿರಲಿ: ಅವರದು ಸಾಲುಮನೆ. ಮನೆಯಂಗಳದಲ್ಲಿ ಗಾಡಿ ನಿಲ್ಲಿಸುವ ಸ್ವಂತ ಜಾಗ ಇಲ್ಲ, ವ್ಯಾನು ರಾತ್ರಿಯೆಲ್ಲ ಬೀದಿಯಲ್ಲಿ ನಿಲ್ಲುತ್ತದೆ. ಜನ ಓಡಾಡುವ ಫುಟ್‌ಪಾತ್ ಮೇಲೆ ರಾತ್ರಿಯಿಡೀ ಕರೆಂಟಿನ ವೈರು ಎಳೆದು ಬಿಡುವ ಹಾಗಿಲ್ಲ. ಚಳಿಗಾಲಕ್ಕೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು "ಮನೆಯಿಂದ ವೈರು ಎಳೆದು ಒಂದು ಹೀಟರ್ ಇಡಿ" ಎಂದು ಶುರುವಾಗುತ್ತವೆ. ನಮಗೆ ಆ ದಾರಿಯೇ ಮುಚ್ಚಿತ್ತು.

ಆ ವಾರ

2022ರ ಡಿಸೆಂಬರ್ ಎರಡನೇ ವಾರ ಉತ್ತರ ಧ್ರುವದ ಕಡೆಯ ಗಾಳಿ ಬ್ರಿಟನ್ ಮೇಲೆ ಇಳಿದು ಕೂತಿತು. ಸ್ಕಾಟ್ಲೆಂಡಿನ ಬ್ರೇಮಾರ್‌ನಲ್ಲಿ ಉಷ್ಣಾಂಶ ಮೈನಸ್ 17.3ಕ್ಕೆ ಇಳಿಯಿತು. 11ರ ರಾತ್ರಿ ಲಂಡನ್ ಮತ್ತು ಆಗ್ನೇಯ ಇಂಗ್ಲೆಂಡಿನ ಮೇಲೆ ಹಿಮ ಸುರಿಯಿತು. ಕೇಂಬ್ರಿಜ್‌ನಲ್ಲಿ ಅಷ್ಟು ತೀವ್ರವಿಲ್ಲದಿದ್ದರೂ ಸಾಲಾಗಿ ಹಲವು ರಾತ್ರಿ ಶೂನ್ಯದಿಂದ ಸಾಕಷ್ಟು ಕೆಳಗೆ ಹೋಯಿತು, ಹಗಲಿನಲ್ಲೂ ಚಳಿ ಬಿಡಲಿಲ್ಲ.

ಆ ವಾರದಲ್ಲಿ ಒಂದು ಬೆಳಿಗ್ಗೆ ಅವರ ಫೋನು ಬಂತು. "ಅಣ್ಣಾರ, ಟ್ಯಾಂಕಿನ್ಯಾಗ ನೀರು ನೀರಾಗೇ ಐತಿ, ಕೈ ಹಾಕಿ ನೋಡೀನಿ. ಪಂಪು ಗುಂಯ್ ಅಂತೈತಿ, ಆದ್ರ ಪೈಪಿನ್ಯಾಗ ಒಂದ ಹನಿ ಬರವಲ್ದು."

"ಮೊದಲು ಪಂಪ್ ಆಫ್ ಮಾಡಪ್ಪ. ಆಮೇಲೆ ಮಾತಾಡೋಣ," ಎಂದೆ.

ಹೆಪ್ಪುಗಟ್ಟಿದ ಪಂಪಿಗೆ ಕರೆಂಟು ಕೊಟ್ಟರೆ ಮೋಟರು ತಿರುಗಲಾರದೆ ತಿಣುಕುತ್ತದೆ. ಫ್ಯೂಸು ಹಾರಿದರೆ ಅದೃಷ್ಟ. ಹಾರದಿದ್ದರೆ ಒಳಗಿನ ಡಯಾಫ್ರಾಮ್ ಹರಿಯುತ್ತದೆ, ಇಲ್ಲವೇ ಮೋಟರೇ ಸುಡುತ್ತದೆ. ಆದ್ದರಿಂದ ಆ ಒಂದು ಮಾತನ್ನು ಮೊದಲು ಹೇಳಬೇಕಿತ್ತು.

ಮಧ್ಯಾಹ್ನ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿ ನಿಧಾನವಾಗಿ ಕರಗಿಸಿದೆವು. ಕರಗಿಸುವಾಗ ನೀರು ಹೊರಬೀಳುವ ತುದಿಯಿಂದ ಶುರುಮಾಡಿ ಪಂಪಿನ ಕಡೆಗೆ ಬರಬೇಕು, ಕರಗಿದ ನೀರಿಗೆ ಹೊರಹೋಗುವ ದಾರಿ ಇರಬೇಕು. ಹಾಟ್ ಏರ್ ಗನ್ ಹಿಡಿಯಬಾರದು. ಪ್ಲಾಸ್ಟಿಕ್ಕಿನ ಒಂದು ಬದಿ ಬಿಸಿಯಾಗಿ ಇನ್ನೊಂದು ಬದಿ ಮಂಜುಗಡ್ಡೆಯಲ್ಲೇ ಇದ್ದರೆ, ಉಳಿದುಕೊಂಡಿದ್ದ ಭಾಗವೂ ಬಿರಿಯುತ್ತದೆ. ಕರಗಿದ ಮೇಲೆ ನಿಜಸ್ಥಿತಿ ಕಂಡಿತು. ಪಂಪಿನ ತಲೆಯ ಪ್ಲಾಸ್ಟಿಕ್ ಉದ್ದಕ್ಕೆ ಸೀಳಿತ್ತು. ರೀಲಿಗೆ ಸೇರುವ ಕ್ವಿಕ್ ಕನೆಕ್ಟರ್ ಒಡೆದಿತ್ತು. ಶೆಡ್ಡಿನಲ್ಲಿ ಆರ್‌ಒಗೆ ಮುಂಚಿನ ಫಿಲ್ಟರ್ ಡಬ್ಬಿ ಬಿರಿದಿತ್ತು, ಮತ್ತು ಎರಡು ದಿನದ ನಂತರ ಆರ್‌ಒ ನೀರಿನ ಟಿಡಿಎಸ್ ಹಿಂದೆಂದೂ ಇಲ್ಲದಷ್ಟು ಏರಿತು. ಮೆಂಬ್ರೇನ್ ಒಳಗೇ ಹರಿದಿತ್ತು ಎಂದರ್ಥ.

ಎರಡು ಟ್ಯಾಂಕುಗಳಿಗೆ ಮಾತ್ರ ಏನೂ ಆಗಿರಲಿಲ್ಲ. ಚಳಿಗಾಲ ಬರುವ ಮೊದಲೇ ಗೆಳೆಯರು ವ್ಯಾನಿನ ಟ್ಯಾಂಕಿಗೆ ಹಳೆಯ ರಜಾಯಿ ಹೊದಿಸಿ ಹಗ್ಗ ಬಿಗಿದಿದ್ದರು. ಅವರ ಕಾಳಜಿಯೆಲ್ಲ ಅಲ್ಲೇ ಇತ್ತು.

ದೊಡ್ಡ ನೀರು, ಸಣ್ಣ ನೀರು

ಈ ಪ್ರಕರಣದ ತಿರುಳು ಇಲ್ಲೇ ಇದೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಒಂದು ಲೀಟರು ನೀರನ್ನು ಒಂದು ಡಿಗ್ರಿ ತಣಿಸಲು ಸುಮಾರು 4.2 ಕಿಲೋಜೂಲ್ ಶಾಖ ಹೊರಹೋಗಬೇಕು. ಆದರೆ ಸೊನ್ನೆ ಡಿಗ್ರಿಯ ಅದೇ ನೀರು ಸೊನ್ನೆ ಡಿಗ್ರಿಯ ಮಂಜುಗಡ್ಡೆ ಆಗಬೇಕಾದರೆ 334 ಕಿಲೋಜೂಲ್ ಹೋಗಬೇಕು, ಹತ್ತಿರ ಹತ್ತಿರ ಎಂಬತ್ತು ಪಟ್ಟು. ಈಗ 400 ಲೀಟರಿನ ಟ್ಯಾಂಕು ತೆಗೆದುಕೊಳ್ಳಿ. ಸಂಜೆ ಅದರಲ್ಲಿ 8 ಡಿಗ್ರಿಯ ನೀರಿದೆ, ಅದರಿಂದ ಸರಾಸರಿ 100 ವ್ಯಾಟ್ ಶಾಖ ಸೋರುತ್ತಿದೆ ಎಂದಿಟ್ಟುಕೊಳ್ಳಿ. ಸೊನ್ನೆಗೆ ಇಳಿಯಲೇ 37 ಗಂಟೆ ಬೇಕು. ಅಲ್ಲಿಂದ ಪೂರ್ತಿ ಗಡ್ಡೆಯಾಗಲು ಇನ್ನೂ ಹದಿನೈದು ದಿನ. ಇಂಗ್ಲೆಂಡಿನ ಚಳಿ ಇಷ್ಟು ದಿನ ಒಂದೇ ಸಮ ಹಿಡಿಯುವುದಿಲ್ಲ, ಅಷ್ಟರಲ್ಲಿ ಟ್ಯಾಂಕನ್ನು ಎಷ್ಟೋ ಸಲ ಖಾಲಿ ಮಾಡಿ ತುಂಬಿಯಾಗಿರುತ್ತದೆ.

ಪಂಪಿನ ತಲೆಗೆ ಬನ್ನಿ. ಅದರೊಳಗೆ, ಹತ್ತಿರದ ತುಂಡು ಪೈಪು ಸೇರಿಸಿ, 100 ಮಿಲಿಲೀಟರು ನೀರಿದೆ ಎನ್ನೋಣ. ಅದು ಪೂರ್ತಿ ಗಡ್ಡೆಯಾಗಲು ಹೋಗಬೇಕಾದ್ದು ಕೇವಲ 33 ಕಿಲೋಜೂಲ್. ಬರೀ 3 ವ್ಯಾಟಿನಂತೆ ಸೋರಿದರೂ ಮೂರು ಗಂಟೆಯಲ್ಲಿ ಕೆಲಸ ಮುಗಿಯಿತು. ಅದೂ ಪಂಪು ಕೂತಿದ್ದದ್ದು ಹಿಂಬಾಗಿಲ ಪಕ್ಕ: ಒಂದು ಪದರ ತಗಡು, ರಬ್ಬರ್ ಪಟ್ಟಿಯ ಸಂದು, ಇಡೀ ವ್ಯಾನಿನಲ್ಲೇ ತಣ್ಣನೆಯ ಜಾಗ.

ಹಾಗಾದರೆ ಕಾಪಾಡಬೇಕಾದ್ದು ಸಣ್ಣ ನೀರನ್ನು. ಟ್ಯಾಂಕಿನ ನೀರು ತನ್ನನ್ನು ತಾನೇ ನೋಡಿಕೊಳ್ಳುತ್ತದೆ. ಪಂಪು, ಕನೆಕ್ಟರು, ಫಿಲ್ಟರ್ ಡಬ್ಬಿ, ಮೆಂಬ್ರೇನ್ ನೋಡಿಕೊಳ್ಳಲಾರವು. ಈ ಒಂದು ಮಾತು ತಲೆಗೆ ಹೋದರೆ ಮುಂದಿನ ಎಲ್ಲ ನಿರ್ಧಾರ ಸುಲಭ. ನೀರಿನ ಉಪಕರಣ ಕಾಪಾಡುವವರು ಹಣ, ಹೊದಿಕೆ, ಹೀಟರು ಮೂರನ್ನೂ ಟ್ಯಾಂಕಿಗೆ ಸುರಿಯುವುದನ್ನು ನಾನು ಬಹಳ ಕಡೆ ನೋಡಿದ್ದೇನೆ, ಪ್ರತಿ ಸಲ ನೋವಾಗುತ್ತದೆ.

ಇನ್ನೊಂದು ಪ್ರಶ್ನೆ: ಗಡ್ಡೆಯಾದ ಮಾತ್ರಕ್ಕೆ ಸೀಳಬೇಕೇಕೆ? ನೀರು ಗಡ್ಡೆಯಾಗುವಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ. ಹಿಗ್ಗಲು ಜಾಗವಿದ್ದರೆ ತೊಂದರೆಯಿಲ್ಲ. ಎರಡೂ ಕಡೆ ಮುಚ್ಚಿದ ಜಾಗದಲ್ಲಿ ಒಂದು ಕಡೆಯಿಂದ ಗಡ್ಡೆ ಬೆಳೆಯುತ್ತಾ ಬಂದರೆ, ಉಳಿದ ನೀರಿನ ಮೇಲೆ ಒತ್ತಡ ಏರುತ್ತಾ ಹೋಗಿ ಎಲ್ಲಿ ದುರ್ಬಲವೋ ಅಲ್ಲಿ ಒಡೆಯುತ್ತದೆ. ಎಷ್ಟೋ ಸಲ ಒಡೆಯುವ ಜಾಗದಲ್ಲಿ ಗಡ್ಡೆಯೇ ಇರುವುದಿಲ್ಲ. ಡಯಾಫ್ರಾಮ್ ಪಂಪಿನಲ್ಲಿ ನೀರು ಹಿಂದಕ್ಕೆ ಹೋಗದಂತೆ ಏಕಮುಖ ವಾಲ್ವ್ ಇರುತ್ತದೆ, ಅದು ಒಂದು ಬಾಗಿಲು. ಇನ್ನೊಂದು ಬಾಗಿಲನ್ನು ಗೆಳೆಯರೇ ಮುಚ್ಚಿದ್ದರು. ಪ್ರತಿ ಸಂಜೆ ರೀಲಿನ ತುದಿಯ ನಲ್ಲಿ, ಟ್ಯಾಂಕಿನ ವಾಲ್ವು ಎಲ್ಲವನ್ನೂ ಬಿಗಿಯಾಗಿ ತಿರುಗಿಸಿ ಮನೆಗೆ ಹೋಗುತ್ತಿದ್ದರು. ನಮ್ಮೂರಿನಲ್ಲಿ ಬೆಳೆದವರು ಇನ್ನೇನು ಮಾಡಿಯಾರು? ಎರಡು ದಿನಕ್ಕೊಮ್ಮೆ ನೀರು ಬಿಡುವ ಊರಿನಲ್ಲಿ ನಲ್ಲಿ ತೆರೆದಿಟ್ಟು ಮಲಗುವ ಮನೆ ಉಂಟೇ? ತೊಟ್ಟಿಕ್ಕುವ ನಲ್ಲಿ ಕಂಡರೆ ಎದ್ದು ಹೋಗಿ ತಿರುಗಿಸುವುದು ನಮ್ಮ ಮೈಗೆ ಅಂಟಿದ ಗುಣ, ಒಳ್ಳೆಯ ಗುಣ. ಮಂಜು ಬೀಳುವ ನಾಡಿನಲ್ಲಿ ಮಾತ್ರ ಅದು ತಿರುಗುಮುರುಗಾಗುತ್ತದೆ. ಟ್ಯಾಂಕಿನ ವಾಲ್ವ್ ಒಂದನ್ನು ಮುಚ್ಚಿ, ಅದರ ಮುಂದಿನದೆಲ್ಲವನ್ನೂ ಖಾಲಿ ಮಾಡಿ ತೆರೆದಿಡಬೇಕು. ಬಾಲ್ ವಾಲ್ವ್ ಇದ್ದರೆ, ಖಾಲಿ ಮಾಡಿದ ಕೊಳವೆಗಳಲ್ಲಿ ಅದನ್ನು ಅರ್ಧ ತಿರುಗಿಸಿ ಬಿಡಬೇಕು. ಪೂರ್ತಿ ಮುಚ್ಚಿದರೆ ಒಳಗಿನ ಗೋಲಿಯ ತೂತಿನಲ್ಲೇ ಒಂದಿಷ್ಟು ನೀರು ಸಿಕ್ಕಿಹಾಕಿಕೊಂಡು ವಾಲ್ವನ್ನೇ ಒಡೆಯುತ್ತದೆ.

ಕೈಬಿಟ್ಟ ದಾರಿಗಳು

ಆಂಟಿಫ್ರೀಜ್ ಹಾಕಿದರೆ ಆಗದೇ ಎಂದು ಗೆಳೆಯರು ಕೇಳಿದರು. ಎಥಿಲೀನ್ ಗ್ಲೈಕಾಲ್ ವಿಷ. ಗ್ರಾಹಕರ ತೋಟ, ಸಾಕುಪ್ರಾಣಿ ಇರುವಲ್ಲಿ ಅದರ ಮಾತೇ ಬೇಡ. ಪ್ರೊಪಿಲೀನ್ ಗ್ಲೈಕಾಲ್ ಅಷ್ಟು ಅಪಾಯದ್ದಲ್ಲ. ತಿಂಗಳುಗಟ್ಟಲೆ ವ್ಯಾನು ನಿಲ್ಲಿಸುವವರು ಪಂಪಿನಲ್ಲಿ ಅದನ್ನು ತುಂಬಿಡಬಹುದು. ದಿನಾ ಕೆಲಸ ಮಾಡುವವರಿಗೆ ಅದು ಆಗದು: ಪ್ರತಿ ಬೆಳಿಗ್ಗೆ ಪೂರ್ತಿ ತೊಳೆದು ಹಾಕಬೇಕು, ಸ್ವಲ್ಪ ಉಳಿದರೂ ಗಾಜಿನ ಮೇಲೆ ಜಿಡ್ಡಿನ ಗೆರೆ. ಸೊನ್ನೆ ಟಿಡಿಎಸ್ ನೀರಿಗಾಗಿ ಅಷ್ಟು ಕಷ್ಟಪಟ್ಟು, ಅದರಲ್ಲೇ ಜಿಡ್ಡು ಬೆರೆಸುವುದೇ?

ಶುದ್ಧ ನೀರಾದ್ದರಿಂದ ಬೇಗ ಹೆಪ್ಪುಗಟ್ಟುತ್ತದೆ, ಕೊಳಾಯಿ ನೀರೇ ತುಂಬಿಟ್ಟರೆ ತಡೆದುಕೊಳ್ಳುತ್ತದೆ ಎಂಬ ಮಾತೂ ಚಾಲ್ತಿಯಲ್ಲಿದೆ. ಗಡಸು ನೀರಿನಲ್ಲಿ ಕರಗಿರುವ ಲವಣ ಹೆಪ್ಪುಗಟ್ಟುವ ಉಷ್ಣಾಂಶವನ್ನು ಒಂದು ಡಿಗ್ರಿಯ ನೂರನೇ ಒಂದೆರಡು ಭಾಗದಷ್ಟು ಇಳಿಸುತ್ತದೆ, ಅಷ್ಟೆ. ರಾತ್ರಿಯ ಚಳಿಗೆ ಅದು ಯಾವ ಲೆಕ್ಕಕ್ಕೂ ಇಲ್ಲ.

ಎಂಜಿನ್ ಚಾಲೂ ಇಟ್ಟು ವ್ಯಾನು ಬಿಸಿ ಮಾಡುವುದು ಬೀದಿಯಲ್ಲಿ ನಿಲ್ಲಿಸಿದ ಗಾಡಿಗೆ ಕಾನೂನೇ ಒಪ್ಪುವುದಿಲ್ಲ. ಗ್ಯಾಸ್ ಹೀಟರನ್ನು ಮುಚ್ಚಿದ ವ್ಯಾನಿನಲ್ಲಿ ಹಚ್ಚಿಟ್ಟು ಹೋಗುವುದು ಬೆಂಕಿಗೂ ಕಾರ್ಬನ್ ಮೊನಾಕ್ಸೈಡಿಗೂ ಆಹ್ವಾನ. ಬೆಳಿಗ್ಗೆ ಬಾಗಿಲು ತೆರೆದು ಒಳಗೆ ತಲೆ ಹಾಕುವವರು ಮನೆಯವರೇ ಎಂಬುದನ್ನು ಮರೆಯಬಾರದು. ವೈರು ಎಳೆಯಲು ಅನುಕೂಲ ಇರುವವರೂ ಫ್ಯಾನ್ ಹೀಟರನ್ನು ರಾತ್ರಿಯಿಡೀ ಕಾವಲಿಲ್ಲದೆ ಓಡಿಸಬಾರದು. ಬಟ್ಟೆಯ ಒಂದು ತುಂಡು ಅದರ ಮೇಲೆ ಜಾರಿಬಿದ್ದರೆ ಸಾಕು.

ಇಡೀ ವ್ಯಾನನ್ನು ಬೆಚ್ಚಗಿಡುವ ಲೆಕ್ಕವನ್ನೂ ಒಮ್ಮೆ ಹಾಕಿದೆ. ಸಾಮಾನು ತುಂಬುವ ಭಾಗದ ತಗಡಿನ ಮೈ ಸುಮಾರು 20 ಚದರ ಮೀಟರು. ಹೊದಿಕೆಯಿಲ್ಲದ ತಗಡಿನಿಂದ ಚದರ ಮೀಟರಿಗೆ, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ 5 ವ್ಯಾಟ್ ಸೋರುತ್ತದೆ. ಹೊರಗೆ ಮೈನಸ್ 4, ಒಳಗೆ ಪ್ಲಸ್ 2 ಇರಬೇಕೆಂದರೆ 600 ವ್ಯಾಟ್, ರಾತ್ರಿಯಿಡೀ. ಬ್ಯಾಟರಿಯಿಂದ ಇದು ಕನಸಿನ ಮಾತು.

ಪಂಪನ್ನು ಟ್ಯಾಂಕಿನ ಮಗ್ಗುಲಿಗೆ ತಂದದ್ದು

ಟ್ಯಾಂಕಿನ ನೀರು ಹೆಪ್ಪುಗಟ್ಟುವುದಿಲ್ಲ ಎಂದರೆ, ಅದರಲ್ಲಿ ಶಾಖ ತುಂಬಾ ಇದೆ ಎಂದೇ ಅರ್ಥವಲ್ಲವೇ? 400 ಲೀಟರು ನೀರು 8 ಡಿಗ್ರಿಯಿಂದ 2 ಡಿಗ್ರಿಗೆ ಇಳಿಯುವಷ್ಟರಲ್ಲಿ 10 ಮೆಗಾಜೂಲ್ ಬಿಟ್ಟುಕೊಡುತ್ತದೆ. ಹನ್ನೆರಡು ಗಂಟೆಗೆ ಹಂಚಿದರೆ 230 ವ್ಯಾಟಿನ ಹೀಟರ್ ಉರಿಸಿದಂತೆ, ಅದೂ ವೈರಿಲ್ಲದೆ, ಬೆಂಕಿಯಿಲ್ಲದೆ. ಮೈದಾನದಂತಹ ವ್ಯಾನಿನೊಳಗೆ ಅದು ಚದುರಿ ಹೋಗುತ್ತಿತ್ತು. ಒಂದು ಸಣ್ಣ ಪೆಟ್ಟಿಗೆಯೊಳಗೆ ಹಿಡಿದಿಟ್ಟರೆ?

ಹೊಸ ಪಂಪನ್ನು ಹಿಂಬಾಗಿಲ ಹತ್ತಿರ ಹಾಕಲಿಲ್ಲ. ಟ್ಯಾಂಕಿನ ಪಕ್ಕಕ್ಕೇ ತಂದು, ಸುತ್ತ 60 x 40 x 40 ಸೆಂಟಿಮೀಟರಿನ ಪೆಟ್ಟಿಗೆ ಕಟ್ಟಿದೆವು. ಹೊರಗೆ ತೆಳು ಪ್ಲೈವುಡ್, ಒಳಗೆ 50 ಮಿಲಿಮೀಟರ್ ದಪ್ಪದ ಪಿಐಆರ್ ಫೋಮ್ ಹಲಗೆ, ಶಾಖ ಸೋರದಂತೆ ಕಟ್ಟಡದ ಗೋಡೆ ಮಾಡಿಗೆ ಹಾಕುವಂಥದ್ದು. ಮನೆ ಕಟ್ಟುವ ಜಾಗದಲ್ಲಿ ಉಳಿದ ತುಂಡುಗಳನ್ನು ಕೇಳಿದರೆ ಕೊಡುತ್ತಾರೆ. ಐದು ಬದಿಗೆ ಫೋಮ್ ಇದೆ, ಆರನೆಯ ಬದಿ ಟ್ಯಾಂಕಿನ ಗೋಡೆಯೇ. ಅಲ್ಲಿ ಫೋಮ್ ಬೇಕೆಂದೇ ಬಿಟ್ಟೆವು. ಟ್ಯಾಂಕಿನ ಶಾಖ ಪೆಟ್ಟಿಗೆಯೊಳಗೆ ಬರುವ ಬಾಗಿಲು ಅದು. ಟ್ಯಾಂಕಿನ ಉಳಿದ ಮೈಗೆ ಅದೇ ಫೋಮ್ ಹಲಗೆ ಹೊದಿಸಿದೆವು.

ಲೆಕ್ಕ ಹೀಗೆ ನಿಂತಿತು. ಟ್ಯಾಂಕಿನ ಗೋಡೆಯ ಮೂಲಕ ಪೆಟ್ಟಿಗೆಗೆ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 1 ವ್ಯಾಟ್ ಬರುತ್ತದೆ. ಉಳಿದ ಐದು ಬದಿಗಳಿಂದ, ಪೈಪು ತೂರುವ ಸಂದುಗಳನ್ನೂ ಸೇರಿಸಿ, ಪ್ರತಿ ಡಿಗ್ರಿಗೆ 0.6 ವ್ಯಾಟ್ ಹೋಗುತ್ತದೆ. ಟ್ಯಾಂಕು 6 ಡಿಗ್ರಿ, ವ್ಯಾನಿನೊಳಗಿನ ಗಾಳಿ ಮೈನಸ್ 4 ಇದ್ದರೆ ಪೆಟ್ಟಿಗೆಯೊಳಗೆ ಪ್ಲಸ್ 2ರ ಸುಮಾರು. ಯಾವ ಹೀಟರೂ ಇಲ್ಲದೆ! ಈ ಅಂಕಿ ಕಾಗದದ ಮೇಲೆ ಬಂದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಆದರೂ 2 ಡಿಗ್ರಿ ಎಂದರೆ ಅಂಚಿನ ಮೇಲೆ ನಡೆದಂತೆ, ಹಾಗಾಗಿ ಒಳಗೆ 12 ವೋಲ್ಟಿನ ಸಣ್ಣ ಹೀಟಿಂಗ್ ಪ್ಯಾಡ್ ಒಂದನ್ನು ಥರ್ಮೋಸ್ಟಾಟ್ ಜೊತೆ ಇಟ್ಟೆವು. 4 ಡಿಗ್ರಿಗೆ ಇಳಿದರೆ ಆನ್, 6ಕ್ಕೆ ಏರಿದರೆ ಆಫ್. ಸರಾಸರಿ 10 ವ್ಯಾಟ್ ಎಂದರೂ 14 ಗಂಟೆಗೆ 140 ವ್ಯಾಟ್-ಅವರ್, ಅಂದರೆ ಬ್ಯಾಟರಿಯಿಂದ 12 ಆಂಪಿಯರ್-ಅವರ್. 110ರ ಬ್ಯಾಟರಿಗೆ ಇದು ಭಾರವಲ್ಲ. ಪ್ಯಾಡಿನ ವೈರಿಗೆ ಬ್ಯಾಟರಿಯ ಹತ್ತಿರವೇ ಪ್ರತ್ಯೇಕ ಫ್ಯೂಸು ಹಾಕಿದೆವು.

ಬ್ಯಾಟರಿಯನ್ನೂ ಪೆಟ್ಟಿಗೆಯೊಳಗೇ ಇಡೋಣ ಎಂದು ಗೆಳೆಯರು ಹೇಳಿದರು, ನಾನು ಒಪ್ಪಲಿಲ್ಲ. ಸೀಸದ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಗಾಳಿಯಾಡದ ಪೆಟ್ಟಿಗೆಯಲ್ಲಿ ಅದು ಕೂಡದು. ಅಲ್ಲದೆ ಪೂರ್ತಿ ಚಾರ್ಜ್ ಇರುವ ಸೀಸದ ಬ್ಯಾಟರಿಯ ಆಮ್ಲ ಇಂಗ್ಲೆಂಡಿನ ಚಳಿಗೆ ಹೆಪ್ಪುಗಟ್ಟುವುದಿಲ್ಲ. ಬರಿದಾದ ಬ್ಯಾಟರಿಯ ಆಮ್ಲ ಹೆಚ್ಚು ಕಡಿಮೆ ನೀರೇ, ಅದು ಹೆಪ್ಪುಗಟ್ಟಬಹುದು. ಬ್ಯಾಟರಿಗೆ ಬೇಕಾದ್ದು ಚಾರ್ಜು, ಹೊದಿಕೆಯಲ್ಲ.

ಪೆಟ್ಟಿಗೆ ಕೂರಿಸಲು ಟ್ಯಾಂಕಿಗಾಗಲಿ ಅದನ್ನು ಹಿಡಿದಿರುವ ಉಕ್ಕಿನ ಚೌಕಟ್ಟಿಗಾಗಲಿ ಒಂದು ತೂತೂ ಕೊರೆಯಲಿಲ್ಲ. ಗಕ್ಕನೆ ಬ್ರೇಕ್ ಹಾಕಿದಾಗ 400 ಕಿಲೋ ನೀರು ಚಾಲಕನ ಬೆನ್ನಿಗೆ ಬರದಂತೆ ತಡೆಯುವುದು ಆ ಚೌಕಟ್ಟು. ಚಳಿ ತಪ್ಪಿಸಲು ಹೋಗಿ ಅದನ್ನು ದುರ್ಬಲ ಮಾಡಬಾರದು.

ಇದೆಲ್ಲ ನಡೆಯಬೇಕಾದರೆ ರಾತ್ರಿ ಟ್ಯಾಂಕು ತುಂಬಿರಬೇಕು. ಹಿಂದೆ ಬೆಳಿಗ್ಗೆ ತುಂಬುತ್ತಿದ್ದ ಗೆಳೆಯರು ಈಗ ಸಂಜೆ ಕೆಲಸ ಮುಗಿಸಿ ಬಂದ ಕೂಡಲೇ, ಪಕ್ಕದಲ್ಲೇ ನಿಂತು ತುಂಬಿ, ಪೈಪನ್ನು ಫುಟ್‌ಪಾತಿನಿಂದ ಎತ್ತಿ ಒಳಗೆ ಒಯ್ಯುತ್ತಾರೆ.

ಶೆಡ್ಡು

ಅಲ್ಲಿ ಕರೆಂಟು ಇದ್ದುದರಿಂದ ಹೆಚ್ಚು ಹೇಳುವುದಿಲ್ಲ. ಆರ್‌ಒ ಇರುವ ಮೂಲೆಯನ್ನು ಫೋಮ್ ಹಲಗೆಯಿಂದ ಬೀರುವಿನಂತೆ ಮುಚ್ಚಿ, ಥರ್ಮೋಸ್ಟಾಟ್ ಇರುವ ಕೊಳವೆ ಹೀಟರ್ ಒಂದನ್ನು ಹಾಕಿದ್ದಾಯಿತು, ಕರೆಂಟು ಸೋರಿದರೆ ತಾನಾಗಿಯೇ ಕಡಿದುಹಾಕುವ ಆರ್‌ಸಿಡಿ ರಕ್ಷಣೆಯಿರುವ ಪ್ಲಗ್ಗಿನಿಂದ. ಮೆಂಬ್ರೇನ್ ಬಗ್ಗೆ ಒಂದು ಮಾತು: ಅದನ್ನು ಪೈಪಿನಂತೆ ಖಾಲಿ ಮಾಡಲಾಗದು. ಹಾಳೆಗಳನ್ನು ಸುರುಳಿ ಸುತ್ತಿ ಮಾಡಿದ್ದು, ಸಂದುಸಂದಿನಲ್ಲೂ ನೀರು ಉಳಿಯುತ್ತದೆ. ಒಮ್ಮೆ ಬಳಸಿದ ಮೇಲೆ ಒಣಗಲೂ ಬಿಡಬಾರದು, ಹೆಪ್ಪುಗಟ್ಟಲೂ ಬಿಡಬಾರದು. ಬೆಚ್ಚಗಿನ ಜಾಗ ಬಿಟ್ಟು ಬೇರೆ ಉಪಾಯವಿಲ್ಲ. ನೀರು ತಣ್ಣಗಾದಷ್ಟೂ ಆರ್‌ಒದಿಂದ ಬರುವ ಶುದ್ಧ ನೀರೂ ಕಡಿಮೆ. 25 ಡಿಗ್ರಿಯಲ್ಲಿ ಕೊಡುವುದರ ಅರ್ಧದಷ್ಟು ಮಾತ್ರ 5 ಡಿಗ್ರಿಯಲ್ಲಿ ಸಿಗುತ್ತದೆ. ಚಳಿಗಾಲದಲ್ಲಿ ಟ್ಯಾಂಕು ತುಂಬಲು ಎರಡರಷ್ಟು ಹೊತ್ತು ಹಿಡಿದರೆ ಮೆಂಬ್ರೇನ್ ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ. ಟಿಡಿಎಸ್ ನೋಡಿ ತೀರ್ಮಾನಿಸಬೇಕು.

ರೀಲು ಇನ್ನೂ ಸತಾಯಿಸುತ್ತಿದೆ

ರೀಲಿಗೆ ಪೂರ್ತಿ ಪರಿಹಾರ ಸಿಗಲಿಲ್ಲ. 8 ಮಿಲಿಮೀಟರ್ ಒಳವ್ಯಾಸದ 100 ಮೀಟರ್ ಪೈಪಿನಲ್ಲಿ 5 ಲೀಟರು ನೀರು ನಿಲ್ಲುತ್ತದೆ. ಮೆದು ಪೈಪಾದ್ದರಿಂದ ಒಡೆಯುವುದಿಲ್ಲ, ಕಟ್ಟಿಕೊಳ್ಳುತ್ತದೆ. ಟೈರಿಗೆ ಗಾಳಿ ತುಂಬುವ ಸಣ್ಣ ಕಂಪ್ರೆಸರಿನಿಂದ ಊದಿ ನೋಡಿದೆವು. ನೀರು ಬಹುಪಾಲು ಹೊರಬಿತ್ತು. ಉಳಿದ ಹನಿಗಳು ರಾತ್ರಿಯಲ್ಲಿ ಪ್ರತಿ ಸುತ್ತಿನ ತಳಕ್ಕೆ ಇಳಿದು ಅಲ್ಲಲ್ಲೇ ಬಿರಡೆಯಂತೆ ಗಡ್ಡೆಯಾದವು. ಬೆಳಿಗ್ಗೆ ಮತ್ತೆ ನೀರು ಹಾಯಲಿಲ್ಲ.

ಕೊನೆಗೆ ತೀರಾ ಸರಳ ದಾರಿ ಹಿಡಿದೆವು. 50 ಮೀಟರಿನ, 6 ಮಿಲಿಮೀಟರಿನ ಪೈಪು ಸುತ್ತಿದ ಕೈರೀಲು ಒಂದನ್ನು ಕೊಂಡರು. ಅದರಲ್ಲಿ ಹಿಡಿಯುವ ನೀರು ಒಂದೂವರೆ ಲೀಟರಿಗಿಂತ ಕಡಿಮೆ, ಒಂದೇ ಕೈಯಲ್ಲಿ ಎತ್ತಿಕೊಂಡು ಹೋಗಬಹುದು. ನೀರು ಹೆಪ್ಪುಗಟ್ಟುವ ಚಳಿಯ ಮುನ್ಸೂಚನೆ ಇದ್ದ ಸಂಜೆ ಅದು, ಕೋಲಿನ ಒಳಪೈಪು, ಬ್ರಷ್ಷು ಮೂರೂ ಮನೆಯೊಳಗೆ ಬರುತ್ತವೆ. ಎಲೆಕ್ಟ್ರಿಕ್ ರೀಲು ಊದಿಸಿಕೊಂಡು, ಎರಡೂ ತುದಿ ತೆರೆದು, ಬೆಚ್ಚಗಿನ ದಿನಕ್ಕೆ ಕಾಯುತ್ತದೆ. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅವರ ಹೆಂಡತಿ ರಾತ್ರಿ ಪಾಳಿಗೆ ಹೊರಡುವಾಗ "ರೀಲು ತಂದ್ರೇನ್ರಿ?" ಎಂದು ಕೇಳಿಯೇ ಹೋಗುತ್ತಾರೆ. ಈ ವ್ಯವಸ್ಥೆಯಲ್ಲಿ ಅವರ ಪಾಲು ಸಣ್ಣದಲ್ಲ.

ಯಾವ ರಾತ್ರಿ ಎಚ್ಚರ, ಯಾವ ದಿನ ರಜೆ

ಮುನ್ಸೂಚನೆಯಲ್ಲಿ ಸೊನ್ನೆ ಕಂಡ ಮೇಲೆ ಎಚ್ಚೆತ್ತರೆ ತಡವಾಯಿತು. ಹವಾಮಾನ ಇಲಾಖೆ ಹೇಳುವ ಉಷ್ಣಾಂಶ ನೆಲದಿಂದ ಸುಮಾರು 1.25 ಮೀಟರು ಎತ್ತರದ, ನೆರಳಿನ ಪೆಟ್ಟಿಗೆಯೊಳಗಿನ ಗಾಳಿಯದು. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಯಲ್ಲಿ ವ್ಯಾನಿನ ಮಾಡು ತನ್ನ ಶಾಖವನ್ನು ಆಕಾಶಕ್ಕೆ ಸೂಸಿ, ಸುತ್ತಲಿನ ಗಾಳಿಗಿಂತ ಕೆಲವು ಡಿಗ್ರಿ ಹೆಚ್ಚೇ ತಣ್ಣಗಾಗುತ್ತದೆ. ಗಾಳಿ ಪ್ಲಸ್ 2 ಇದ್ದಾಗಲೂ ಕಾರಿನ ಗಾಜಿನ ಮೇಲೆ ಮಂಜಿನ ಪದರ ಕಾಣುವುದು ಇದೇ ಕಾರಣಕ್ಕೆ. ಹಾಗಾಗಿ 3 ಡಿಗ್ರಿ ಮತ್ತು ಸ್ವಚ್ಛ ಆಕಾಶ ಎಂದರೆ ಅವರ ಪಾಲಿಗೆ ಮಂಜಿನ ರಾತ್ರಿಯೇ. ಪಂಪಿನ ಪೆಟ್ಟಿಗೆಯೊಳಗೆ ಒಂದು ನಿಸ್ತಂತು ಥರ್ಮಾಮೀಟರ್ ಇಟ್ಟು, ಅದರ ಪರದೆಯನ್ನು ಮನೆಯ ಕಿಟಕಿಯಲ್ಲಿ ಇಟ್ಟಿದ್ದಾರೆ. ರಾತ್ರಿಯ ಕನಿಷ್ಠ ಎಷ್ಟಿತ್ತೆಂದು ಬೆಳಿಗ್ಗೆ ಅದರಲ್ಲೇ ಕಾಣುತ್ತದೆ.

ಉಪಕರಣ ಚೆನ್ನಾಗಿದೆ ಎಂದ ಮಾತ್ರಕ್ಕೆ ಕೆಲಸಕ್ಕೆ ಹೊರಡಬೇಕೆಂದಿಲ್ಲ. ಡಿಸೆಂಬರಿನಲ್ಲಿ ಕೇಂಬ್ರಿಜ್‌ನಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ 8ರ ಸುಮಾರಿಗೆ, ಮುಳುಗುವುದು 4 ಗಂಟೆಗೆ ಮೊದಲೇ. ಮಂಜು ಬಿದ್ದ ದಿನ ಹನ್ನೊಂದರ ನಂತರ ಶುರುಮಾಡಿ, ಬಿಸಿಲು ಬಿದ್ದ ದಕ್ಷಿಣದ ಕಿಟಕಿಗಳನ್ನು ಮಾತ್ರ ತೊಳೆದು, ಮೂರಕ್ಕೆ ಮುಗಿಸಬೇಕು. ಉತ್ತರದ ಗೋಡೆಗೆ ದಿನವಿಡೀ ಬಿಸಿಲು ಬೀಳುವುದಿಲ್ಲ, ಅಲ್ಲಿಯ ಗಾಜಿನ ಮೇಲೆ ನೀರು ಬಿದ್ದಲ್ಲೇ ಹೆಪ್ಪುಗಟ್ಟುತ್ತದೆ. ಅದಕ್ಕಿಂತ ಗಂಭೀರವಾದದ್ದು ನೆಲಕ್ಕೆ ಇಳಿಯುವ ನೀರು. ಬಾಗಿಲ ಮುಂದಿನ ಹಾಸುಗಲ್ಲಿನ ಮೇಲೆ ಅದು ಕಣ್ಣಿಗೆ ಕಾಣದ ಗಾಜಿನ ಪದರವಾಗುತ್ತದೆ. ಅವರ ಗ್ರಾಹಕರಲ್ಲಿ ವಯಸ್ಸಾದವರು ಬಹಳ. ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಯಾವ ಶುಭ್ರ ಕಿಟಕಿಯೂ ಅದಕ್ಕೆ ಸಮವಲ್ಲ. ಬ್ರಿಟನ್ನಿನ 1974ರ ಕೆಲಸದ ಜಾಗದ ಆರೋಗ್ಯ ಮತ್ತು ಸುರಕ್ಷತೆ ಕಾಯಿದೆಯ ಪ್ರಕಾರ ಸ್ವಂತ ಉದ್ಯೋಗದವರಿಗೂ ಸುತ್ತಲಿನವರನ್ನು ಕಾಯುವ ಹೊಣೆ ಇದೆ. ವ್ಯಾನಿನಲ್ಲಿ ಒಂದು ಬಕೆಟ್ ಕಲ್ಲುಪ್ಪು ಈಗ ಯಾವಾಗಲೂ ಇರುತ್ತದೆ. ಸಂದೇಹ ಬಂದ ದಿನ ಗ್ರಾಹಕರಿಗೆ ಮೆಸೇಜು ಕಳಿಸಿ ಕೆಲಸ ಮುಂದೂಡುತ್ತಾರೆ. ಹಾಗೆ ಮುಂದೂಡಿದ್ದಕ್ಕೆ ಯಾರೂ ಬೇಸರ ಮಾಡಿಕೊಂಡಿಲ್ಲ.

ಆಮೇಲೆ

2023ರ ಜನವರಿಯ ಎರಡನೇ ಭಾಗದಲ್ಲಿ ದಕ್ಷಿಣ ಇಂಗ್ಲೆಂಡಿಗೆ ಮತ್ತೆ ಗಟ್ಟಿ ಚಳಿ ಬಂತು. ಪೆಟ್ಟಿಗೆಯೊಳಗಿನ ಕನಿಷ್ಠ ಒಮ್ಮೆಯೂ ಸೊನ್ನೆಗೆ ಇಳಿಯಲಿಲ್ಲ, ಪಂಪು ಪ್ರತಿ ಬೆಳಿಗ್ಗೆ ಒಂದೇ ಸಲಕ್ಕೆ ನೀರೆತ್ತಿತು. ಹೀಟಿಂಗ್ ಪ್ಯಾಡಿಗೆ ನಾವು ಅಂದುಕೊಂಡದ್ದಕ್ಕಿಂತ ಕಡಿಮೆ ಕೆಲಸ ಬಿತ್ತು, ಟ್ಯಾಂಕೇ ಬಹುಪಾಲು ಹೊತ್ತುಕೊಂಡಿತು. ಎದುರಾದ ಒಂದೇ ತೊಂದರೆ ತೇವ. ಮುಚ್ಚಿದ ಪೆಟ್ಟಿಗೆಯ ಒಳಮೈಯಲ್ಲಿ ನೀರಿನ ಹನಿ ಕೂತು, ಕಂಟ್ರೋಲರಿನ ಪ್ಲಗ್ಗುಗಳಲ್ಲಿ ಹಸಿರು ಕಿಲುಬು ಕಾಣಿಸಿತು. ಕಂಟ್ರೋಲರನ್ನು ಪೆಟ್ಟಿಗೆಯ ಹೊರಕ್ಕೆ ತಂದು ಹಾಕಿದೆವು. ಅದರೊಳಗೆ ನೀರಿಲ್ಲದ ಮೇಲೆ ಅದಕ್ಕೆ ಬೆಚ್ಚಗಿನ ಜಾಗ ಬೇಕಾಗಿಯೂ ಇರಲಿಲ್ಲ. ಹಗಲಲ್ಲಿ ಕೆಲಸ ಮಾಡುವಾಗ ಪೆಟ್ಟಿಗೆಯ ಮುಚ್ಚಳ ತೆಗೆದಿಡುವುದು ಈಗ ರೂಢಿ.

ಗೆಳೆಯರು ಈಗ ಹಳೆಯ ಸೀಸದ ಬ್ಯಾಟರಿಯ ಬದಲು ಹಗುರವಾದ ಲಿಥಿಯಂ ಬ್ಯಾಟರಿ ಕೊಳ್ಳುವ ಯೋಚನೆಯಲ್ಲಿದ್ದಾರೆ. ಅದಕ್ಕೆ ಸೀಸದ ಬ್ಯಾಟರಿಗೆ ಇಲ್ಲದ ಒಂದು ನಿಯಮ ಇದೆ: ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಸೊನ್ನೆ ಡಿಗ್ರಿಯ ಕೆಳಗೆ ಚಾರ್ಜ್ ಮಾಡಿದರೆ ಅದರ ಕೋಶಗಳು ಶಾಶ್ವತವಾಗಿ ಕೆಡುತ್ತವೆ. ಬೆಳಿಗ್ಗೆ ಎಂಜಿನ್ ಚಾಲೂ ಮಾಡಿದ ಕೂಡಲೇ ವ್ಯಾನು ಅದಕ್ಕೆ ಚಾರ್ಜ್ ಕೊಡಲು ಶುರುಮಾಡುತ್ತದೆ, ಅದೂ ದಿನದ ಅತಿ ತಣ್ಣನೆಯ ಹೊತ್ತಿನಲ್ಲಿ. ಹಾಗಾಗಿ ಚಳಿಯಲ್ಲಿ ಚಾರ್ಜನ್ನು ತಾನಾಗಿಯೇ ತಡೆಯುವ ವ್ಯವಸ್ಥೆ ಒಳಗೇ ಇರುವ ಬ್ಯಾಟರಿ ಸಿಗುವವರೆಗೆ ಹಳೆಯದೇ ಇರಲಿ ಎಂದು ಹೇಳಿದ್ದೇನೆ.